ಆನೆಮರಿಯ ಹಿಂಗಾಲು

ತಾನು ಮಾಡಿದ ವಸ್ತುವೊಂದನ್ನು ಎದುರಿಗಿಟ್ಟು 'ಹೇಗಿದೆ, ಹೇಳಿ' ಎಂದು ಕೇಳುವವರ ಮುಖವನ್ನು ನಾನು ೩೧ ವರ್ಷ ನೋಡಿದ್ದೇನೆ. ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದ ನನ್ನ ಮೇಜಿನ ಮೇಲೆ ಹಾಳೆಯನ್ನಿಟ್ಟ ಮಕ್ಕಳು ಹಾಳೆಯನ್ನು ನೋಡುತ್ತಿರಲಿಲ್ಲ, ನನ್ನ ಕಣ್ಣನ್ನು ನೋಡುತ್ತಿದ್ದರು. ನಾನಾದರೋ ಕೆಂಪು ಶಾಯಿಯಲ್ಲಿ ಹತ್ತಕ್ಕೆ ಇಷ್ಟೆಂದು ಬರೆದು ಮುಂದಿನ ಹಾಳೆಯನ್ನು ಎಳೆದುಕೊಳ್ಳುತ್ತಿದ್ದೆ. ತರಗತಿಗೆ ಅರವತ್ತು ಮಕ್ಕಳು, ನಲವತ್ತು ನಿಮಿಷದ ಅವಧಿ. ಇದಕ್ಕಿಂತ ಹೆಚ್ಚಿನದು ಸಾಧ್ಯವಿರಲಿಲ್ಲವೆಂದು ಇಷ್ಟು ಕಾಲವೂ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತ ಬಂದವನು. ನಿವೃತ್ತನಾಗಿ ಕೆಲವು ವರ್ಷಗಳಾದ ಮೇಲೆ, ೨೦೨೩ರ ಬೇಸಿಗೆಯಲ್ಲಿ, ನನ್ನ ತಂಗಿಯ ಮಗಳು ತಂದು ತೋರಿಸಿದ ಒಂದು ಪುಟ್ಟ ಆನೆಮರಿ ಆ ಸಮಾಧಾನವನ್ನು ಕದಡಿತು.

ಅವಳಿಗಾಗ ಹತ್ತೊಂಬತ್ತು. ಮೈಸೂರಿನಲ್ಲಿ ಪದವಿ ಓದುತ್ತಿದ್ದಳು. ಅದನ್ನು ಅರ್ಧಕ್ಕೆ ಬಿಟ್ಟು, ಚಲಿಸುವ ವ್ಯಂಗ್ಯಚಿತ್ರಗಳನ್ನು, ಎಂದರೆ ಅನಿಮೇಷನ್ ವಿದ್ಯೆಯನ್ನು, ಕಲಿಯಲು ಹೊರಟಿದ್ದಳು. ಮನೆಯಲ್ಲಿ ಸಹಜವಾಗಿಯೇ ಆತಂಕವಿತ್ತು. ಶುಲ್ಕಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಬೇಕು. ಕಿರಾಣಿ ಅಂಗಡಿಯ ಆದಾಯದಲ್ಲಿ ಅದನ್ನು ತೀರಿಸಬೇಕು. 'ಅಣ್ಣ, ನೀನು ಆ ವಿದ್ಯೆ ಬಲ್ಲವನು. ಇವಳ ಕೈಯಲ್ಲಿ ಹುರುಳಿದೆಯೇ ನೋಡಿ ಹೇಳು. ನೀನು ಹೂಂ ಎಂದರೆ ಕಳಿಸುತ್ತೇವೆ' ಎಂದು ತಂಗಿ ನನ್ನ ಮೇಲೆ ಭಾರ ಹಾಕಿದಳು.

ಪ್ರವೇಶಕ್ಕೆ ಕಳುಹಿಸಬೇಕಾಗಿದ್ದ ಆ ಚಿತ್ರ ಕೇವಲ ೬ ಸೆಕೆಂಡುಗಳದು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ ೨೪ ಚೌಕಟ್ಟುಗಳು ಕಣ್ಣ ಮುಂದೆ ಹಾದುಹೋಗುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟು ನಿಲ್ಲಿಸಿದರೂ ಸೆಕೆಂಡಿಗೆ ೧೨ ಚಿತ್ರ ಬೇಕು. ಹುಡುಗಿ ೭೨ ಚಿತ್ರಗಳನ್ನು ಒಂದೊಂದಾಗಿ ಬರೆದಿದ್ದಳು. ಒಂದೂವರೆ ತಿಂಗಳು ರಾತ್ರಿ ನಿದ್ದೆಗೆಟ್ಟಿದ್ದಳು. ಬೂದುಬಣ್ಣದ ಮರಿಯಾನೆ, ಕೆಂಪು ಕೊರಳಪಟ್ಟಿ, ದೊಡ್ಡ ಕಣ್ಣು. ಎಡದಿಂದ ಬಲಕ್ಕೆ ನಡೆದುಹೋಗಿ, ನಿಂತು, ನಮ್ಮತ್ತ ತಿರುಗಿ ನಗುತ್ತದೆ. ಮನೆಯವರೆಲ್ಲ ಸುತ್ತ ನೆರೆದು ಕೈತಟ್ಟಿದರು. ನಾನೂ ನಕ್ಕೆ. ಆದರೆ ಎರಡನೆಯ ಸಲ ನೋಡುವಾಗಲೇ ಏನೋ ಸರಿಯಿಲ್ಲವೆಂದು ನನಗೆ ಅನ್ನಿಸಿತ್ತು. ಮರಿ ನಡೆಯುತ್ತಿರಲಿಲ್ಲ, ಗಾಳಿಗೆ ಸಿಕ್ಕ ರಟ್ಟಿನ ಗೊಂಬೆಯಂತೆ ತೇಲಿಹೋಗುತ್ತಿತ್ತು. ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. 'ಬಹಳ ಸೊಗಸಾಗಿದೆ ಮಗಳೇ, ಹೀಗೆಯೇ ಕಳಿಸು' ಎಂದುಬಿಟ್ಟೆ.

ಆ ಸಂಸ್ಥೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಅವರು ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದರು. ಎರಡು ತಿಂಗಳ ನಂತರ ಬಂದ ಉತ್ತರದಲ್ಲಿ ಅವಳನ್ನು ಆಯ್ಕೆ ಮಾಡಿಲ್ಲವೆಂದಿತ್ತು. ಕೆಳಗೆ, ಪ್ರಾಣಿಗೆ ತೂಕವಿಲ್ಲ, ನಿಜವಾದ ಪ್ರಾಣಿಯನ್ನು ನೋಡಿ ಅಭ್ಯಾಸ ಮಾಡಿದಂತೆ ತೋರುವುದಿಲ್ಲ ಎಂಬ ಎರಡು ಸಾಲಿನ ಅಭಿಪ್ರಾಯ. ಅಂದು ಸಂಜೆ ದೂರವಾಣಿಯಲ್ಲಿ ಅವಳು ಅಳಲಿಲ್ಲ. 'ಮಾಮ, ಅದು ತೇಲುತ್ತಿದೆ ಅಂತ ನಿಮಗೆ ಆವತ್ತೇ ಗೊತ್ತಾಗಿತ್ತಾ?' ಎಂದು ಮಾತ್ರ ಕೇಳಿದಳು. ಗೊತ್ತಾಗಿತ್ತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೇಳಿದ್ದರೆ ತಿದ್ದೋಕೆ ನನಗೆ ಹದಿನೈದು ದಿನ ಇತ್ತು' ಎಂದಳು.

ಹಿತ, ಮಿತ, ಪ್ರಿಯ ಎಂಬ ಮೂರು ಮಾತುಗಳನ್ನು ಪ್ರವಚನಗಳಲ್ಲಿ ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದವರು. ನಾನು ಅವುಗಳಲ್ಲಿ ಕೊನೆಯದನ್ನು ಮಾತ್ರ ಉಳಿಸಿಕೊಂಡು ಆಡಿದ ಮಾತಿಗೆ ಆ ಹುಡುಗಿ ಒಂದು ವರ್ಷವನ್ನು ತೆತ್ತಳು. ಆಡುವಾಗ ಅದು ಸುಳ್ಳೆಂದು ನನಗೆ ಅನ್ನಿಸಿರಲಿಲ್ಲ, ವಾತ್ಸಲ್ಯವೆಂದೇ ಅನ್ನಿಸಿತ್ತು. ಈಗ ಹಿಂತಿರುಗಿ ನೋಡಿದರೆ ಅದು ವಾತ್ಸಲ್ಯವೂ ಅಲ್ಲ. ಅವಳ ಮುಖ ಬಾಡುವುದನ್ನು ನೋಡುವ ಕಷ್ಟ ನನಗೆ ಬೇಡವಾಗಿತ್ತು, ಅಷ್ಟೆ.

ಪಶ್ಚಾತ್ತಾಪವೂ ಕೆಲವೊಮ್ಮೆ ಅವಿವೇಕದ ರೂಪವನ್ನು ತಾಳುತ್ತದೆ. ಆಗಿನ ತಪ್ಪನ್ನು ತುಂಬಿಕೊಡುವ ಉತ್ಸಾಹದಲ್ಲಿ ನಾನು ಆ ೬ ಸೆಕೆಂಡುಗಳ ಚಿತ್ರವನ್ನು ಮುಂದಿಟ್ಟುಕೊಂಡು ಎರಡು ದಿನ ಕುಳಿತು, ಅವಳಿಗೆ ಮೂರು ಪುಟಗಳ ಪತ್ರ ಬರೆದೆ. ಅದರಲ್ಲಿ ೨೭ ದೋಷಗಳನ್ನು ಎಣಿಸಿದ್ದೆ. ಕಿವಿಯ ಅಳತೆ, ನೆರಳಿನ ದಿಕ್ಕು, ಹಿನ್ನೆಲೆಯ ಹಸಿರು, ಕಣ್ಣಿನ ರೆಪ್ಪೆ, ನಗುವಿನ ಕೃತ್ರಿಮತೆ, ಎಲ್ಲವೂ ಇದ್ದವು. ಬರೆದು ಮುಗಿಸಿದಾಗ, ಸಂಕೋಚದಿಂದ ಹೇಳುತ್ತೇನೆ, ಒಳ್ಳೆಯ ಕೆಲಸ ಮಾಡಿದ ತೃಪ್ತಿಯೂ ಆಯಿತು. ಅವಳು ಉತ್ತರ ಬರೆಯಲಿಲ್ಲ. ಎರಡು ತಿಂಗಳ ಕಾಲ ಚಿತ್ರ ಬರೆಯುವ ಫಲಕವನ್ನೇ ಮುಟ್ಟಲಿಲ್ಲವೆಂದು ತಂಗಿಯಿಂದ ತಿಳಿಯಿತು. 'ಅಣ್ಣ, ಮೊದಲು ನೀನು ಏನೂ ಹೇಳಲಿಲ್ಲ. ಆಮೇಲೆ ಎಲ್ಲಾ ಹೇಳಿದೆ. ಅವಳು ಈಗ ಯಾವುದನ್ನು ಹಿಡಿದುಕೊಳ್ಳಬೇಕು?' ಎಂದು ಅವಳು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ವಿದ್ಯೆಯಲ್ಲಿ ಪಳಗಿದವರು ಪರಸ್ಪರ ಹೇಗೆ ತಿದ್ದಿಕೊಳ್ಳುತ್ತಾರೆಂದು ತಿಳಿಯುವ ಕುತೂಹಲ ಆಗ ಹುಟ್ಟಿತು. ಓದುತ್ತ ಹೋದಂತೆ ಕೆಲವು ಸಂಗತಿಗಳು ದೊರೆತವು. ಅಮೆರಿಕದ ವಾಲ್ಟ್ ಡಿಸ್ನಿಯವರ ಸ್ಟುಡಿಯೋದಲ್ಲಿ ಕಲಾವಿದರ ಕಚ್ಚಾ ಚಿತ್ರಗಳನ್ನು, ಬಣ್ಣ ತುಂಬುವುದಕ್ಕೆ ಮುಂಚೆಯೇ, ಪೆನ್ಸಿಲ್ ಗೆರೆಗಳಲ್ಲಿರುವಾಗಲೇ, ಒಂದು ಇಕ್ಕಟ್ಟಾದ ಕೋಣೆಯಲ್ಲಿ ತೆರೆಗೆ ಹಾಕಿ ನೋಡುತ್ತಿದ್ದರಂತೆ. ಆ ಕೋಣೆಗೆ ಕಲಾವಿದರು ಇಟ್ಟ ಹೆಸರು 'ಬೆವರಿನ ಪೆಟ್ಟಿಗೆ'. ಸೆಕೆಯಿಂದಲೂ ಬೆವರು, ಅಂಜಿಕೆಯಿಂದಲೂ ಬೆವರು. ಆದರೆ ತಿದ್ದುಪಡಿ ಬರುತ್ತಿದ್ದದ್ದು ತಿದ್ದಲು ಇನ್ನೂ ಸಾಧ್ಯವಿರುವಾಗ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಪುಸ್ತಕವನ್ನು ಮುಚ್ಚಿಟ್ಟೆ. ೧೯೪೨ರಲ್ಲಿ ಹೊರಬಂದ 'ಬ್ಯಾಂಬಿ' ಎಂಬ ಜಿಂಕೆಮರಿಯ ಚಿತ್ರಕ್ಕಾಗಿ ಜೀವಂತ ಜಿಂಕೆಮರಿಗಳನ್ನು ಸ್ಟುಡಿಯೋಕ್ಕೆ ತಂದಿಟ್ಟುಕೊಂಡು, ಪ್ರಾಣಿಗಳ ಅಂಗರಚನೆಯನ್ನು ಕಲಿಸಲು ರಿಕೊ ಲೆಬ್ರುನ್ ಎಂಬ ಚಿತ್ರಕಾರರನ್ನು ಕರೆಸಿದ್ದರು. ಎಷ್ಟೋ ವರ್ಷ ಪ್ರಾಣಿಗಳನ್ನು ಬರೆದವರೇ ಮತ್ತೆ ವಿದ್ಯಾರ್ಥಿಗಳಾಗಿ ಕುಳಿತರು.

ನಮ್ಮ ದೇಶದಲ್ಲೂ ಈ ಕಲೆ ಬೇರೂರಿದ್ದು ಒಂದು ಜಿಂಕೆಯ ಮೂಲಕ. ಡಿಸ್ನಿಯವರಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಎಂಬವರು ೧೯೫೬ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿಗೆ ಬಂದು ತರುಣರಿಗೆ ತರಬೇತಿ ಕೊಟ್ಟರು. ಆ ತಂಡ ಬೌದ್ಧರ ಜಾತಕ ಕಥೆಯೊಂದನ್ನು ಆಧರಿಸಿ ೧೯೫೭ರಲ್ಲಿ 'ದಿ ಬ್ಯಾನಿಯನ್ ಡಿಯರ್' ಎಂಬ ಚಿತ್ರವನ್ನು ತಯಾರಿಸಿತು. ಅಲ್ಲಿ ಕಲಿತವರಲ್ಲಿ ಒಬ್ಬರಾದ ರಾಮ್ ಮೋಹನ್ ಮುಂದೆ ಭಾರತೀಯ ಅನಿಮೇಷನ್ನಿನ ಪಿತಾಮಹರೆನಿಸಿದರು. ಅವರೂ ಒಂದು ದಿನ ತೇಲುವ ಜಿಂಕೆಯನ್ನು ಬರೆದಿರಬೇಕು, ಯಾರೋ ಅದನ್ನು ತಿದ್ದಿರಬೇಕು ಎಂದು ಊಹಿಸಿಕೊಂಡೆ.

ಇವನ್ನೆಲ್ಲ ಅವಳಿಗೆ ಹೇಳಿದಾಗ ಅವಳ ಬಳಿ ಒಂದು ಪ್ರತಿವಾದವಿತ್ತು. ೧೯೪೧ರ 'ಡಂಬೊ' ಚಿತ್ರದ ಮರಿಯಾನೆಗೆ ಜೀವ ಕೊಟ್ಟ ಬಿಲ್ ಟೈಟ್ಲಾ ಆನೆಗಳನ್ನು ನೋಡಿ ಬರೆಯಲಿಲ್ಲ, ತಮ್ಮ ಪುಟ್ಟ ಮಗನ ಹಾವಭಾವಗಳನ್ನು ನೋಡಿ ಬರೆದರು. 'ಕಾರ್ಟೂನ್ ತಾನೆ ಮಾಮ, ಅದು ನಿಜವಾದ ಆನೆಯ ಹಾಗೆಯೇ ಯಾಕೆ ಇರಬೇಕು?' ಎಂದಳು. ಪ್ರಶ್ನೆ ಸಾಧುವಾದದ್ದೇ. ನಾನು ಒಡನೆ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಟೈಟ್ಲಾ ಆನೆಯನ್ನು ನೋಡದಿದ್ದರೂ ಏನನ್ನೋ ನೋಡಿದ್ದರಲ್ಲವೇ, ನೀನು ಯಾವುದನ್ನು ನೋಡಿ ಬರೆದೆ ಎಂದು ಕೇಳಿದೆ. ಅವಳು ಯೋಚಿಸಿ, 'ಯಾವುದನ್ನೂ ನೋಡಲಿಲ್ಲ. ಆನೆ ಬರೆಯೋಕೆ ನನಗೆ ಮೊದಲಿನಿಂದ ಬರುತ್ತದಲ್ಲ' ಎಂದಳು. ಆ ಮಾತಿನ ಪೂರ್ಣಾರ್ಥ ನನಗೆ ಆಗ ಹೊಳೆಯಲಿಲ್ಲ.

೨೦೨೪ರ ದಸರೆಗೆ ಮುಂಚೆ ನಾನು ಕೆಲವು ದಿನ ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದೆ. ಕಾಡಿನ ಶಿಬಿರಗಳಿಂದ ಬಂದ ಆನೆಗಳು ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು ೫ ಕಿಲೋಮೀಟರ್ ದೂರ, ವಾರಗಟ್ಟಲೆ ತಾಲೀಮು ನಡೆಸುತ್ತವೆ. ೭೫೦ ಕಿಲೋ ತೂಗುವ ಚಿನ್ನದ ಅಂಬಾರಿಯನ್ನು ಹೊರುವ ಅಭ್ಯಾಸಕ್ಕೆಂದು ಮರಳಿನ ಮೂಟೆಗಳನ್ನು ಹೊರಿಸುತ್ತಾರೆ. ಇದನ್ನು ಬಾಲ್ಯದಿಂದ ಕಾಣುತ್ತ ಬಂದ ಊರಿನ ಹುಡುಗಿ, ಆನೆಯ ನಡಿಗೆಯನ್ನು ಒಂದು ದಿನವೂ ನಿಂತು ನೋಡಿರಲಿಲ್ಲ. ಇಬ್ಬರೂ ಬೆಳಿಗ್ಗೆ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ನಿಂತೆವು. ಅವಳು ಪುಸ್ತಕ ಹಿಡಿದು ಕಾಲುಗಳನ್ನು ಮಾತ್ರ ಬರೆದುಕೊಂಡಳು.

ತಾಲೀಮು ಮುಗಿದ ಮೇಲೆ ಅರಮನೆಯ ಹತ್ತಿರದ ಚಹಾದಂಗಡಿಯಲ್ಲಿ ಒಬ್ಬ ಕಾವಾಡಿ ಸಿಕ್ಕಿದರು. ಮಾವುತನಿಗೆ ನೆರವಾಗಿ ಆನೆಗೆ ಮೇವು ಹಾಕುವವರು, ಮೈತೊಳೆಯುವವರು ಈ ಕಾವಾಡಿಗಳು. ದಿನದ ಬಹುಪಾಲು ಆನೆಯ ಕಾಲಿನ ಬಳಿಯೇ ಅವರ ಬದುಕು. ಹುಡುಗಿ ಧೈರ್ಯ ಮಾಡಿ, 'ಅಣ್ಣಾ, ನಾನು ಒಂದು ಆನೆಮರಿ ಮಾಡಿದ್ದೀನಿ, ನೋಡಿ ಹೇಳ್ತೀರಾ?' ಎಂದು ಮೊಬೈಲನ್ನು ಅವರ ಮುಂದೆ ಹಿಡಿದಳು. ಅವರು ಕೈಯೊರೆಸಿಕೊಂಡು, ಎರಡು ಸಲ ನೋಡಿ, ನಕ್ಕುಬಿಟ್ಟರು.

'ಇದೇನವ್ವಾ, ಆನೆ ಚರ್ಮ ಹೊದ್ದ ನಾಯಿ ಇದ್ದಂಗೈತಲ್ಲ!'

ನನಗೆ ಕಸಿವಿಸಿಯಾಯಿತು. ಅವಳು ಮಾತ್ರ ಪುಸ್ತಕ ತೆರೆದಳು. ಕಾವಾಡಿ ತಮ್ಮ ಮಂಡಿಯನ್ನು ತಟ್ಟಿ ತೋರಿಸಿದರು. ಆನೆಯ ಹಿಂಗಾಲು ನಾಯಿಯದರಂತೆ ಹಿಂದಕ್ಕೆ ಮಡಿಚುವುದಿಲ್ಲ. ಮನುಷ್ಯನಂತೆ ಅದಕ್ಕೂ ಮಂಡಿ ಮುಂದಕ್ಕೇ. ಎಡಗಡೆಯ ಹಿಂಗಾಲು ಬಂತೆಂದರೆ ಎಡಗಡೆಯ ಮುಂಗಾಲು ಏಳಬೇಕು, ಆಮೇಲೆ ಬಲಗಡೆಯ ಹಿಂಗಾಲು, ಆಮೇಲೆ ಮುಂಗಾಲು. ಮುಂಗಾಲು ಬಿಟ್ಟ ಹೆಜ್ಜೆಯ ಗುರುತಿನ ಮೇಲೆಯೇ ಹಿಂಗಾಲು ಬಂದು ಕೂರುತ್ತದೆ. ಅವಳ ಮರಿ ಮೂಲೆಗೊಂದರಂತೆ ಎರಡೆರಡು ಕಾಲನ್ನು ಒಟ್ಟಿಗೆ ಎತ್ತಿ, ನಡುವೆ ನಾಲ್ಕನ್ನೂ ನೆಲದಿಂದ ಬಿಡಿಸಿ ಪುಟಿಯುತ್ತಿತ್ತು. 'ಆನೆ ಎಷ್ಟೇ ಓಡ್ಲಿ, ನಾಕೂ ಕಾಲು ಒಟ್ಗೆ ನೆಲ ಬಿಡಾಕಿಲ್ಲ' ಎಂದರು. ಇನ್ನೊಂದು ಮಾತನ್ನು ಅವರು ಹೇಳದಿದ್ದರೆ ನಾವು ಎಂದಿಗೂ ತಿಳಿಯುತ್ತಿರಲಿಲ್ಲ. ಆನೆಯ ಪಾದ, ಭಾರ ಬಿದ್ದಾಗ ಅಗಲವಾಗುತ್ತದೆ, ಎತ್ತಿದಾಗ ಕುಗ್ಗುತ್ತದೆ. ಕೆಸರಿನಲ್ಲಿ ಹೂತ ಕಾಲನ್ನು ಅದು ಸಲೀಸಾಗಿ ಕಿತ್ತುಕೊಳ್ಳುವುದು ಅದರಿಂದಲೇ.

ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. ಡಿಸ್ನಿಯವರಲ್ಲಿ ದುಡಿದ ಫ್ರಾಂಕ್ ಥಾಮಸ್, ಆಲಿ ಜಾನ್ಸ್ಟನ್ ಇಬ್ಬರೂ ಸೇರಿ ೧೯೮೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಲೆಯ ೧೨ ಸೂತ್ರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲನೆಯದೇ, ಜೀವವಿರುವ ವಸ್ತು ಒತ್ತಡಕ್ಕೆ ಚಪ್ಪಟೆಯಾಗಿ, ಬಿಡುಗಡೆಯಲ್ಲಿ ನೀಳವಾಗಬೇಕೆಂಬುದು. ಅವಳು ಅದನ್ನು ಬಾಯಿಪಾಠ ಮಾಡಿದ್ದಳು. ತೂಕವಿಲ್ಲವೆಂದು ಅವರು ಬರೆದದ್ದು ಯಾವುದನ್ನೆಂದು ಆ ಚಹಾದಂಗಡಿಯಲ್ಲಿ ಅವಳಿಗೆ ತಿಳಿಯಿತು.

ಎದ್ದು ಹೊರಡುವ ಮುನ್ನ ಕಾವಾಡಿ, 'ಮರಿ ಅಂತೀಯಲ್ಲವ್ವಾ, ಎಳೇ ಮರಿಗೆ ಸೊಂಡ್ಲು ಮಾತು ಕೇಳಾಕಿಲ್ಲ. ಅದನ್ನೇ ತುಳ್ಕೊಂಡು ಮುಗ್ಗರಿಸ್ತೈತೆ. ಅದನ್ನ ಬರಿ, ಚೆಂದಾಗಿರ್ತೈತೆ' ಎಂದರು. ನಮ್ಮ ಚಹಾದ ಹಣವನ್ನೂ ಅವರೇ ಕೊಟ್ಟುಬಿಟ್ಟಿದ್ದರು.

ನನ್ನ ೨೭ ದೋಷಗಳ ಪಟ್ಟಿಯಲ್ಲಿ ಹಿಂಗಾಲಿರಲಿಲ್ಲ. ಈ ವಿಷಯ ಅಂದು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಇಷ್ಟು ದೊಡ್ಡ ತಪ್ಪು ಒಬ್ಬ ಚಿತ್ರಕಲಾ ಶಿಕ್ಷಕನ ಕಣ್ಣಿಗೆ ಹೇಗೆ ಬೀಳಲಿಲ್ಲ? ಬೆಳಗಿನ ಜಾವದಲ್ಲಿ ಕಾರಣ ಹೊಳೆಯಿತು. ಆನೆ ಬರೆಯಲು ಅವಳಿಗೆ ಕಲಿಸಿದವನು ನಾನೇ. ಬೇಸಿಗೆ ರಜೆಗೆ ಬಂದ ಆರು ವರ್ಷದ ಮಗುವನ್ನು ಜಗುಲಿಯ ಮೇಲೆ ಕೂರಿಸಿಕೊಂಡು, ಒಂದು ಗುಡ್ಡ, ಎರಡು ಕಂಬ, ಹಿಂದೆ ಒಂದು ಮಡಿಕೆ ಎಂದು ಹೇಳುತ್ತ ಅವಳ ಕೈಹಿಡಿದು ಬರೆಸಿದ್ದೆ. ಆ ಹಿಂದಿನ ಮಡಿಕೆ ನನ್ನದು.

ಊರಿಗೆ ಮರಳಿದವನು ಚೀಲವನ್ನು ಮನೆಯಲ್ಲಿಟ್ಟು ನೇರವಾಗಿ ಬಸದಿಗೆ ಹೋದೆ. ನಮ್ಮೂರ ಬಸದಿಯ ಸಭಾಮಂಟಪದ ಗೋಡೆಯ ಮೇಲೆ ಇಪ್ಪತ್ನಾಲ್ಕು ತೀರ್ಥಂಕರರ ಲಾಂಛನಗಳನ್ನು ೧೯೯೪ರಲ್ಲಿ ಬರೆದವನು ನಾನು. ವೃಷಭದ ಪಕ್ಕದಲ್ಲಿ, ಎರಡನೆಯದು, ಅಜಿತನಾಥ ಸ್ವಾಮಿಯ ಆನೆ. ದೀಪವನ್ನು ಹತ್ತಿರ ಹಿಡಿದು ನೋಡಿದೆ. ಹಿಂಗಾಲು ನಾಯಿಯದೇ. ಹಳೆಯ ಕ್ಯಾಲೆಂಡರೊಂದನ್ನು ನೋಡಿ ಅದನ್ನು ಬರೆದದ್ದು ನೆನಪಾಯಿತು. ಹಳೇಬೀಡಿನ ಗೋಡೆಯ ತಳದಲ್ಲಿ ಸಾಲುಸಾಲಾಗಿ ಆನೆಗಳಿವೆ. ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮಕ್ಕಳನ್ನು ಪ್ರವಾಸಕ್ಕೆ ಎಷ್ಟು ಸಲ ಅಲ್ಲಿಗೆ ಕರೆದೊಯ್ದಿದ್ದೆ! ಆದರೂ ಕ್ಯಾಲೆಂಡರ್ ಸಾಕೆನಿಸಿತ್ತು.

ಮುಂದಿನ ಟ್ರಸ್ಟ್ ಸಭೆಯಲ್ಲಿ ವಿಷಯ ತಿಳಿಸಿ, ಆ ಚಿತ್ರವನ್ನು ಅಳಿಸಿ ಮತ್ತೆ ಬರೆದುಕೊಡಲು ಅನುಮತಿ ಕೇಳಿದೆ. ಎಲ್ಲರೂ ಸಜ್ಜನರು. ನನ್ನ ಮನಸ್ಸು ನೋಯಬಾರದೆಂದು, 'ಮೇಷ್ಟ್ರೇ, ಮೂವತ್ತು ವರ್ಷದಿಂದ ಯಾರೂ ಒಂದು ಮಾತು ಆಡಿಲ್ಲ. ಬಹಳ ಚೆನ್ನಾಗಿದೆ, ಹಾಗೇ ಇರಲಿ ಬಿಡಿ' ಎಂದರು. ನಾನು ತಂಗಿಯ ಮಗಳಿಗೆ ಹೇಳಿದ ಮಾತೇ ಅಕ್ಷರಶಃ ನನಗೆ ಮರಳಿ ಬಂದಿತ್ತು. ಒಬ್ಬ ಹಿರಿಯರು ಮಾತ್ರ ಸಭೆ ಮುಗಿದ ಮೇಲೆ ಹತ್ತಿರ ಬಂದು, 'ಆ ಕಾಲು ನನಗೆ ಮೊದಲ ದಿನದಿಂದಲೂ ಕಾಣುತ್ತಿತ್ತು. ನಿಮಗೆ ಹೇಗೆ ಹೇಳುವುದೆಂದು ಸುಮ್ಮನಿದ್ದೆ' ಎಂದರು. ಅವರ ತಂದೆ ಕಾಡಿನಂಚಿನಲ್ಲಿ ಮರದ ಗುತ್ತಿಗೆ ಮಾಡಿದವರು. ಬಾಲ್ಯದಲ್ಲಿ ದಿಮ್ಮಿ ಎಳೆಯುವ ಆನೆಗಳನ್ನು ನೋಡಿ ಬಲ್ಲರು. ನನಗೆ ಕೋಪ ಬಂತೇ ಎಂದರೆ ಬಂತು. ಅವರ ಮೌನದ ಮೇಲೆ ಬಂದ ಆ ಕೋಪ ಮನೆ ತಲುಪುವಷ್ಟರಲ್ಲಿ ಬೇರೆಯವರ ಮೇಲೆ ತಿರುಗಿತು. ಕೊನೆಗೆ ಮುಂದಿನ ಸುಣ್ಣಬಣ್ಣದ ವೇಳೆಗೆ ತಿದ್ದಬಹುದೆಂದು ಟ್ರಸ್ಟ್ ಒಪ್ಪಿದೆ.

ಈ ನಡುವೆ ಹುಡುಗಿ ನನಗೊಂದು ಪಾಠ ಕೊಟ್ಟಳು. ನಾನೂ ಕೈಯಾಡಿಸಿ ನೋಡಿದ ಹೊರತು ತನ್ನ ಕೆಲಸದ ಬಗ್ಗೆ ಮಾತಾಡಬಾರದೆಂಬ ಷರತ್ತು ಹಾಕಿ, ಪುಟಿಯುವ ಚೆಂಡೊಂದನ್ನು ಬರೆಯಲು ಹೇಳಿದಳು. ಈ ವಿದ್ಯೆಗೆ ಅದೇ ಅಕ್ಷರಾಭ್ಯಾಸ. ನಾನು ಒಂದು ಹಳೆಯ ನೋಟುಪುಸ್ತಕದ ಅಂಚಿನಲ್ಲಿ ಪುಟಕ್ಕೊಂದರಂತೆ ೪೦ ಚೆಂಡುಗಳನ್ನು, ಅಳತೆಪಟ್ಟಿ ಇಟ್ಟು, ಸಮಾನ ಅಂತರದಲ್ಲಿ ಬರೆದೆ. ಪುಟಗಳನ್ನು ಹೆಬ್ಬೆರಳಿನಿಂದ ಸರಸರನೆ ಬಿಟ್ಟರೆ ಚೆಂಡು ಪುಟಿಯಲಿಲ್ಲ. ಬಾವಿಯ ಬಿಂದಿಗೆಯಂತೆ ಏರಿ ಇಳಿಯಿತು. ಅದನ್ನು ಅವಳ ಮುಂದಿಟ್ಟಾಗ ನನ್ನ ಎದೆ ಹೊಡೆದುಕೊಂಡಿತೆಂದರೆ ಓದುಗರು ನಗಬಾರದು. ಅವಳು ಮೂರು ಸಲ ಬಿಟ್ಟು ನೋಡಿದಳು. ಮೊದಲು, 'ಮಾಮ, ಇದು ಯಾವ ಚೆಂಡು? ರಬ್ಬರಿನದೋ, ಕ್ರಿಕೆಟ್ಟಿನದೋ?' ಎಂದು ಕೇಳಿದಳು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆಮೇಲೆ ಒಂದೇ ಮಾತು ಹೇಳಿದಳು: ಮೇಲಕ್ಕೆ ಹೋದ ಚೆಂಡು ತುದಿಯಲ್ಲಿ ನಿಧಾನವಾಗುತ್ತದೆ, ಅಲ್ಲಿ ಚಿತ್ರಗಳು ಒತ್ತೊತ್ತಾಗಿರಬೇಕು, ನೆಲಕ್ಕೆ ಬರುವಾಗ ದೂರದೂರ. ಉಳಿದ ದೋಷಗಳು ಅವಳಿಗೆ ಕಾಣಲಿಲ್ಲವೆಂದಲ್ಲ. ಅವನ್ನು ಆ ದಿನ ಹೇಳಲಿಲ್ಲ. ನಾನು ಮನೆಗೆ ಬಂದು ಅಂದು ರಾತ್ರಿಯೇ ಮತ್ತೆ ೪೦ ಚೆಂಡು ಬರೆದೆ. ಅರವತ್ತು ಮಕ್ಕಳ ತರಗತಿಯಲ್ಲಿ ಯಾವ ಮಗುವೂ ನನ್ನ ಕೆಂಪು ಶಾಯಿಯನ್ನು ನೋಡಿ ಅಂದೇ ರಾತ್ರಿ ಮತ್ತೆ ಬರೆದದ್ದು ನನಗೆ ನೆನಪಿಲ್ಲ.

ಹೊಸ ಆನೆಮರಿ ಈಗ ೧೧ ಸೆಕೆಂಡುಗಳದು. ಕೊರಳಪಟ್ಟಿ ಹೋಗಿದೆ, ನಗುವೂ ಹೋಗಿದೆ. ಮರಿ ನಡೆದು ಬರುತ್ತದೆ. ಪಾದ ಊರಿದಾಗ ಅಗಲವಾಗುತ್ತದೆ. ಎತ್ತ ಹೋಗಬೇಕೆಂದು ತಿಳಿಯದ ಸೊಂಡಿಲನ್ನು ತಾನೇ ತುಳಿದು, ಮುಂದಕ್ಕೆ ಮುಗ್ಗರಿಸಿ ಕೂರುತ್ತದೆ. ಪುನಃ ಅರ್ಜಿ ಹಾಕುವ ಮೊದಲು ನನಗೆ ಕಳುಹಿಸಿದ್ದಾಳೆ. ಈ ಸಲ ಕಳುಹಿಸಲು ಇನ್ನೂ ಇಪ್ಪತ್ತು ದಿನ ಉಳಿದಿವೆ. ನಾನು ನಾಲ್ಕು ಸಲ ನೋಡಿ, ಬಿದ್ದಾಗ ಮೈಯೆಲ್ಲ ಅಲುಗಿದರೂ ಬಾಲ ಮಾತ್ರ ಕಡ್ಡಿಯಂತೆ ನಿಂತಿದೆ, ಅದನ್ನು ನೋಡು ಎಂದು ಒಂದು ಸಾಲು ಬರೆದೆ. ನಿನ್ನೆ ಉತ್ತರ ಬಂತು. 'ಬಾಲವನ್ನು ಬೇಕೆಂದೇ ಹಾಗೆ ಬಿಟ್ಟಿದ್ದೇನೆ ಮಾಮ. ಅದು ಹೆದರಿದೆ. ಇನ್ನೊಮ್ಮೆ ನೋಡಿ.'

ರಾತ್ರಿ ಇನ್ನೊಮ್ಮೆ ನೋಡಿದೆ. ಅವಳು ಹೇಳಿದ್ದು ಸರಿಯಿರಬಹುದು. ಆದರೂ ಹೆದರಿದ ಮರಿಯ ಕಿವಿ ಅಷ್ಟು ಸಡಿಲವಾಗಿರುತ್ತದೆಯೇ ಎಂದು ಸಂಶಯ. ನಾಳೆ ಬೆಳಕಿನಲ್ಲಿ ನೋಡಿ ಬರೆಯಬೇಕು.